ಬಸ್ಸಿಗೆ ಬೊಗಳುತ್ತಿದ್ದವಳು

ಬಸ್ಸಿಗೆ ಬೊಗಳುವವರನ್ನು ಕಂಡರೆ ನನಗೆ ಒಳಗೊಳಗೇ ಗೌರವ. ಕೈ ಅಡ್ಡ ಹಿಡಿದರೂ ನಿಲ್ಲದೆ, ಮುಖಕ್ಕೆ ಧೂಳೆರಚಿ ಹೋಗುವ ಕೂಡ್ಲಿಗಿಯ ಬಸ್ಸುಗಳಿಗೆ ನಾನೂ ಒಮ್ಮೆ ಬೊಗಳಬೇಕೆಂದುಕೊಂಡದ್ದುಂಟು. ಆದರೆ ಕಾನ್ವೆಂಟಿನಲ್ಲಿ ಓದಿದವಳು ನಾನು. "ಗರ್ಲ್ಸ್, ಲೋಯರ್ ಯುವರ್ ವಾಯ್ಸಸ್" ಎಂದು ಸಿಸ್ಟರುಗಳು ಎಂದೋ ನನ್ನ ಗಂಟಲಿಗೆ ಹಾಕಿದ ಬೀಗ ಈ ವಯಸ್ಸಿಗೂ ತೆರೆದಿಲ್ಲ. ಹಾಗಾಗಿ ಬಿಳಿ ಎದೆಯ ಕರಿ ಬೀದಿನಾಯಿಯೊಂದು ನಮ್ಮ ಮೆಟ್ಟಿಲ ಬಳಿಯಿಂದ ಚಿಮ್ಮಿ ಬಸ್ಸಿನ ಬೆನ್ನಟ್ಟಿದಾಗ, ನಿಜ ಹೇಳುತ್ತೇನೆ, "ವೆಲ್ ಡನ್" ಎಂದುಕೊಂಡೆ. ಮರುದಿನವೇ ಅದು ಚಕ್ರಕ್ಕೆ ತಾಗಿ, ಹಿಂಗಾಲು ಎಳೆದುಕೊಂಡು ಬಂದು ಅದೇ ಮೆಟ್ಟಿಲ ಕೆಳಗೆ ಮಲಗಿತು.

ಮೊದಲು ನೀರಿಟ್ಟೆ. ಜಸ್ಟ್ ನೀರು. ಆಮೇಲೆ ಹಾಲಿನಲ್ಲಿ ಕಿವುಚಿದ ರೊಟ್ಟಿ. ಆಮೇಲೆ ಆಟೊ, ಪಶು ಆಸ್ಪತ್ರೆ, ಕಾಲಿಗೆ ಪಟ್ಟಿ, ಇಂಜೆಕ್ಷನ್, ಕಾಲು ಕೂಡಿದ ಮೇಲೆ ಮರಿಯಾಗದಂತೆ ಆಪರೇಷನ್. ಇಷ್ಟಾದರೂ "ಇದು ಟೆಂಪರರಿ" ಎಂದೇ ಎಲ್ಲರಿಗೂ ಹೇಳುತ್ತಿದ್ದೆ. ಪಕ್ಕದ ಮನೆಯ ಕೊಟ್ರಮ್ಮ ಅವಳನ್ನು ಕರಿಯವ್ವ ಎಂದು ಕರೆದಳು. ಅದೇ ಹೆಸರು ನಿಂತಿತು.

ಹಂದಿಯೊಡನೆ ಕಾದಾಡಿ ಸತ್ತ ನಾಯಿಗೂ ಕಲ್ಲು ನಿಲ್ಲಿಸಿ ಶಾಸನ ಬರೆಸಿದ ನಾಡು ನಮ್ಮದು. ಬಸ್ಸಿನೊಡನೆ ಕಾದಾಡಿದ ನಾಯಿಗೆ ಯಾರು ಬರೆಸುತ್ತಾರೆ? ಹೈವೇಯಲ್ಲಿ ಸತ್ತದ್ದನ್ನು ಬದಿಗೆಳೆಯುವವರೂ ಇಲ್ಲ. ಈ ಮಾತು ನನಗೆ ಚೆನ್ನಾಗಿ ಅರ್ಥವಾದದ್ದು, ಪಟ್ಟಿ ಬಿಚ್ಚಿದ ವಾರದಲ್ಲೇ ಕರಿಯವ್ವ ಹಗ್ಗ ಕಡಿದು ಮತ್ತೆ ಓಡಿದಾಗ. ಲಾರಿಯವನು ಬ್ರೇಕ್ ಹಾಕಿದ್ದರಿಂದ ಉಳಿದಳು. ನಮ್ಮ ಮನೆಗೆ ಕಾಂಪೌಂಡಿಲ್ಲ, ಬಾಗಿಲು ತೆರೆದರೆ ರಸ್ತೆ. ನನ್ನ ಮಂಡಿಗಳಿಗಂತೂ ನಾಯಿಯ ಹಿಂದೆ ಓಡುವ ಆಂಬಿಷನ್ ಇಲ್ಲ. ಮುಂದಿನ ಲಾರಿಯವನು ಬ್ರೇಕ್ ಹಾಕದಿದ್ದರೆ?

ಜನರೆಲ್ಲ ರೋಡ್ ಫೇಸಿಂಗ್ ಸೈಟು ಹುಡುಕುವ ಕಾಲದಲ್ಲಿ ನಾನು ರೋಡೇ ಇಲ್ಲದ ಮನೆ ಹುಡುಕಲು ಕೂತೆ. ಕೊಟ್ಟೂರಿನ ನೆಂಟರು "ಹೆಣ್ಣುನಾಯೇನ್ರಿ? ಗಂಡಿದ್ರ ಕಳಸ್ರಿ" ಎಂದರು. ಆಪರೇಷನ್ ಆಗಿದೆ ಎಂದರೂ ಹೆಣ್ಣು ಹೆಣ್ಣೇ. ಹರಪನಹಳ್ಳಿಯ ಕ್ಲಾಸ್‌ಮೇಟ್ ಏನೋ ಒಪ್ಪಿದಳು, ಆದರೆ ಅವಳ ಮನೆ ಬಸ್ ಸ್ಟ್ಯಾಂಡಿನ ಎದುರಿಗೇ. ಕುಡುಕನಿಗೆ ಬ್ರಾಂಡಿ ಅಂಗಡಿಯ ಮೇಲೆ ರೂಮು ಮಾಡಿಕೊಟ್ಟಂತಾಗುತ್ತಿತ್ತು.

ಕೊನೆಗೆ ಕೊಟ್ರಮ್ಮನೇ ಹೇಳಿದಳು: "ಅಮ್ಮಾರ, ನಮ್ಮ ತವರುಮನಿ ಹಡಗಲಿ ಕಡಿ ಐತಲ್ರಿ, ಮಲ್ಲಿಗಿ ತೋಟ. ಬಸ್ಸಿರ್ಲಿ, ಎತ್ತಿನ ಬಂಡಿ ಸೈತ ತಿಣುಕ್ಯಾಡಿ ಬರ್ತೈತಿ. ಹಂದಿ ಕಾಟ ಅಂತ ನಮ್ಮವ್ವ ನಾಯಿ ಹುಡುಕ್ತಾ ಅದಾಳ."

ಬಾಡಿಗೆ ಕಾರಿನಲ್ಲಿ ಮೂವರೂ ಹೊರಟೆವು. ಎದುರಿಗೆ ಬಸ್ಸು ಬಂದಾಗಲೆಲ್ಲ ಕರಿಯವ್ವ ಗಾಜಿಗೆ ಮೂಗೊತ್ತಿ ಬೈದಳು. ಹಗರಿಬೊಮ್ಮನಹಳ್ಳಿ ದಾಟುವಷ್ಟರಲ್ಲಿ ಡ್ರೈವರ್ ಕಿವಿಗೆ ಟವೆಲ್ ಸುತ್ತಿಕೊಂಡಿದ್ದ.

ತೋಟದಲ್ಲಿ ಕೊಟ್ರಮ್ಮನ ತಮ್ಮನ ಹೆಂಡತಿ ಶೈಲಾ ಮೊಗ್ಗು ಬಿಡಿಸುತ್ತಿದ್ದಳು. ನಾಯಿಯನ್ನು ಕಂಡದ್ದೇ ಬುಟ್ಟಿಯನ್ನು ಸೊಂಟಕ್ಕೇರಿಸಿದಳು.

"ಬ್ಯಾಡ್ರಿ. ಇವು ದೇವರಿಗೆ ಹೋಗೋ ಹೂವು. ನಾಯಿ ಅಡ್ಡಾಡಿದ ತೋಟದ್ದು ಅಂತ ಗೊತ್ತಾದ್ರ ಯಾರ್ ತಗಂತಾರ್ರಿ?"

ಡಿಬೇಟಿನಲ್ಲಿ ಕಪ್ ಗೆದ್ದವಳು ನಾನು ಕರಿಯವ್ವನ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡೆ. ಇಲ್ಲಿಯೂ ಆಗದಿದ್ದರೆ ಕರಿಯವ್ವನಿಗೆ ಉಳಿದದ್ದು ನಮ್ಮ ಬಾಗಿಲ ಮುಂದಿನ ರಸ್ತೆಯೊಂದೇ.

ಕಟ್ಟೆಯ ಮೇಲೆ ಎಲೆಗೆ ಸುಣ್ಣ ಸವರುತ್ತಿದ್ದ ಕೊಟ್ರಮ್ಮನ ತಾಯಿ ಹಾಲವ್ವ ತಲೆಯೆತ್ತದೆ ಸೊಸೆಯನ್ನು ಕೇಳಿದಳು: "ಯವ್ವಾ ಶೈಲಾ, ನಮ್ಮ ಮನಿದೇವ್ರು ಮೈಲಾರಪ್ಪನ ಸಂಗಾಟ ಇರೋದು ಏನು? ಬೆಕ್ಕಾ?"

"ನಾಯಿ ಅತ್ತಿ."

"ಅವನ ಗೊರವಪ್ಪಗಳು ಭಿಕ್ಷಕ್ಕ ಬಂದು ಅಂಗಳದಾಗ ನಾಯಿ ಹಂಗ ಬೊಗಳಿದ್ರ ಕಾಲಿಗೆ ಬೀಳ್ತಿ. ಖರೇ ನಾಯಿ ಬಂದ್ರ ಬುಟ್ಟಿ ಎತ್ತಿಕೆಂತಿ!"

"ಅದು ಬ್ಯಾರೆ ಅತ್ತಿ..."

"ಏನ್ ಬ್ಯಾರೆ? ನಿನ್ನ ಗಂಡ ಬೀಡಿ ಸೇದಿದ ಕೈಲೇ ಹೂವು ಬಿಡಿಸ್ತಾನ. ಈಕಿ ಬೀಡಿ ಸೇದ್ತಾಳೇನು ಕೇಳು."

ಶೈಲಾಗೆ ನಗು ತಡೆಯಲಾಗಲಿಲ್ಲ. ಆದರೂ ಸೋಲೊಪ್ಪದೆ, "ಗಿಡದ ಬುಡ ಕೆದರಿದ್ರ ಮಾತ್ರ ನಾ ಸುಮ್ನಿರಂಗಿಲ್ರಿ" ಎಂದು ನನ್ನತ್ತ ಬೆರಳಾಡಿಸಿದಳು, ಕೆದರಲಿರುವವಳು ನಾನೇ ಎಂಬಂತೆ. ನಾನು ಯಾವ ಡಿಗ್ನಿಟಿಯೂ ಇಲ್ಲದೆ ತಲೆಯಾಡಿಸಿದೆ.

ನಾಯಿಗಳು ಸ್ವರ್ಗಕ್ಕೆ ಹೋಗುತ್ತವೆಯೇ ಎಂದು ಚಿಕ್ಕಂದಿನಲ್ಲಿ ಸಿಸ್ಟರನ್ನು ಕೇಳಿ "ಡೋಂಟ್ ಬಿ ಸಿಲ್ಲಿ" ಅನ್ನಿಸಿಕೊಂಡಿದ್ದೆ. ಹಡಗಲಿ ಸೀಮೆಯಲ್ಲಿ ಆ ಪ್ರಶ್ನೆಯೇ ಹುಟ್ಟುವುದಿಲ್ಲ. ಇಲ್ಲಿ ದೇವರೇ ನಾಯಿಯನ್ನು ಕರೆದುಕೊಂಡು ಓಡಾಡುತ್ತಾನೆ.

ಕರಿಯವ್ವ ಸಾಲು ಸಾಲಾಗಿ ಮೂಸಿ ನೋಡಿ, ಆಗಷ್ಟೇ ನೀರು ಹಾಯಿಸಿದ ಪಾತಿಯಲ್ಲಿ ಹೊಟ್ಟೆಯೂರಿ ಕಣ್ಣು ಮುಚ್ಚಿದಳು. ದೂರದೂರಕ್ಕೂ ಹಾರ್ನ್ ಸದ್ದಿಲ್ಲ. ಕೊಟ್ರಮ್ಮ ತವರಿನಲ್ಲಿ ಉಳಿದಳು. ಕಾರಿನವನು ಇಟ್ಟಿಗಿ ಊರ ಕಡೆ ಬೇರೆ ಬಾಡಿಗೆಯಿದೆ ಎಂದು ನನ್ನನ್ನು ಡಾಂಬರು ರಸ್ತೆಗೆ ಬಿಟ್ಟು ಹೋದ. ಏನಾಶ್ಚರ್ಯವೋ, ಕೈ ತೋರಿಸಿದೊಡನೆ ಬಸ್ಸು ನಿಂತಿತು.

ಹಿಂದಿನ ಕಿಟಕಿಯ ಸೀಟು. ಬಸ್ಸು ಹೊರಟಾಗ ಕತ್ತು ತಿರುಗಿಸಿ ನೋಡಿದೆ. ಹರೆಯದಲ್ಲಿ ಊರು ಬಿಡುವಾಗಲೂ ಹೀಗೆಯೇ ನೋಡುತ್ತಿದ್ದೆ, ಯಾರಾದರೂ ಓಡಿ ಬಂದಾರೆಂದು. ಬಾರದಿದ್ದರೆ ಊರು ದಾಟುವವರೆಗೂ ಮುನಿಸು. ಈಗಲೂ ರಸ್ತೆ ಖಾಲಿ. ಒಂದಿಷ್ಟು ಧೂಳು, ಅಷ್ಟೇ. ಕಣ್ಣು ಕಿರಿದು ಮಾಡಿ ಇನ್ನೊಮ್ಮೆ ನೋಡಿದೆ. ನನ್ನ ಹಿಂದೆ ಯಾರೂ ಓಡಿ ಬರುತ್ತಿರಲಿಲ್ಲ. ಥ್ಯಾಂಕ್ ಗಾಡ್ ಎಂದು ಸೀಟಿಗೆ ಒರಗಿ, ಕಂಡಕ್ಟರ್ ಭುಜ ಅಲುಗಿಸುವವರೆಗೂ ನಿದ್ದೆ ಹೊಡೆದೆ.