ಶಶಿಯ ಅಡುಗೆಮನೆಯಲ್ಲಿ ಚಾಕು ಇಲ್ಲ

ಮೊನ್ನೆ ಶನಿವಾರ ಬೆಳಿಗ್ಗೆ ಕೆಸುವಿನ ಎಲೆಯ ಕಟ್ಟು ಹಿಡಿದು ಸಟನ್ ಕೋಲ್ಡ್‌ಫೀಲ್ಡ್‌ನಲ್ಲಿರುವ ಗೆಳತಿ ಶಶಿಯ ಮನೆಗೆ ಹೋದೆ. ಅವಳು ಉಡುಪಿಯವಳು. ಎಲೆ ನಾನು ತರಬೇಕು, ಪತ್ರೊಡೆ ಅವಳು ಮಾಡಬೇಕು ಎಂಬ ಒಪ್ಪಂದ. (ಮೈಸೂರಿನ ನನಗೆ ತಿನ್ನುವುದಷ್ಟೇ ಚೆನ್ನಾಗಿ ಬರುತ್ತದೆ.)

ಎಲೆಯ ದಂಟು ತೆಗೆಯೋಣವೆಂದು ಡ್ರಾಯರ್ ಎಳೆದೆ. ಚಮಚ, ಸೌಟು, ಲಟ್ಟಣಿಗೆ. ಇನ್ನೊಂದು ಎಳೆದೆ. ಅಲ್ಲೂ ಇಲ್ಲ.

“ಏನ್ ಮಾರಾಯ್ತಿ, ಇಷ್ಟು ದೊಡ್ಡ ಅಡುಗೆಮನೇಲಿ ಒಂದು ಚಾಕೂ ಇಲ್ವಾ?” ಎಂದು ನಕ್ಕೆ.

ಅವಳು ನಗಲಿಲ್ಲ. “ಕೈಯಲ್ಲೇ ತೆಗೀತೇನೆ ಅಕ್ಕ, ಕೊಡಿ” ಎಂದಳು.

ನನಗೆ ತಲೆನೋವು ಬೇರೆ. ಒಂದು ಪ್ಯಾರಾಸಿಟಮಾಲ್ ಕೊಡೇ ಎಂದರೆ ಅದೂ ಇಲ್ಲವಂತೆ. ಶಶಿ ಕೆಲಸ ಮಾಡುವುದು ಫಾರ್ಮಸಿಯಲ್ಲಿ! ನಾನು ಇನ್ನೊಂದು ಜೋಕ್ ಹೊಡೆಯುವ ಮೊದಲೇ ಅವಳು ನನ್ನ ರಟ್ಟೆ ಹಿಡಿದು ಹೊರಗೆ ಎಳೆದೊಯ್ದು ಕಾರಿನ ಡಿಕ್ಕಿ ತೆರೆದಳು. ಟವೆಲ್‌ನಲ್ಲಿ ಸುತ್ತಿಟ್ಟ ಚಾಕುಗಳು. ಮಾತ್ರೆ ತುಂಬಿದ ಬಿಸ್ಕತ್ ಡಬ್ಬಿ. ಊರಿನಿಂದ ಅವಳ ಅಮ್ಮ ಕಳಿಸಿದ ಮೆಟ್ಟುಕತ್ತಿ. (ನಮ್ಮ ಕಡೆ ಈಳಿಗೆಮಣೆ ಅನ್ನುತ್ತೇವಲ್ಲ, ಅದೇ.)

“ಇವರ ಕೈಗೆ ಸಿಗುದು ಬೇಡ ಅಂತ” ಎಂದಳು.

ಇವರು ಎಂದರೆ ಅವಳ ಗಂಡ ಪ್ರವೀಣ್. ಓದಲು ಬಂದು, ಇಲ್ಲಿನ ಬ್ರಿಟಿಷ್ ಸೇನೆ ಸೇರಿ, ಹದಿನಾಲ್ಕು ವರ್ಷ ಇದ್ದು, ಎಂಟು ತಿಂಗಳ ಹಿಂದೆ ಹೊರಬಂದವರು. ಈಗ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್. ಸೇನೆಯ ಕ್ವಾರ್ಟರ್ಸ್ ಬಿಟ್ಟು ಸ್ವಂತ ಮನೆ, ಮಾರ್ಟ್‌ಗೇಜು, ಗಾರ್ಡನ್ನು. ಸೆಟಲ್ ಆಗಿಬಿಟ್ಟರು ಎಂದೇ ನಾವೆಲ್ಲ ಅಂದುಕೊಂಡಿದ್ದೆವು.

“ಹೊರಗೆ ಬಂದಾಗಿನಿಂದ ಹೀಗೆ. ನಾನಿಲ್ಲದಿದ್ರೆ ನಿಂಗೇ ಹಗುರ ಅಂತಾರೆ ಅಕ್ಕ. ಡಾಕ್ಟ್ರ ಹತ್ರ ಹೋಗುವ ಅಂದ್ರೆ ಬೇಡ ಅಂತಾರೆ. ಸ್ನಾನಕ್ಕೆ ಹೋದವರು ಹೊರಗೆ ಬರುವ ತನಕ ನಾನು ಬಾಗಿಲ ಹತ್ರವೇ ನಿಂತಿರ್ತೇನೆ. ಯಾರಿಗೂ ಹೇಳ್ಬೇಡಿ.”

ಕಳೆದ ರಾಜ್ಯೋತ್ಸವದಲ್ಲಿ ಇದೇ ಪ್ರವೀಣರಿಗೆ ಪೇಟ ಸುತ್ತಿ, ಶಾಲು ಹೊದಿಸಿ, “ನಿಮ್ಮ ಶೌರ್ಯದ ಬಗ್ಗೆ ಎರಡು ಮಾತು” ಎಂದು ಮೈಕ್ ಹಿಡಿದವಳು ನಾನೇ. ಮಾತಾಡುತ್ತೀರಾ ಎಂದು ಅವರನ್ನು ಮೊದಲು ಕೇಳಿಯೂ ಇರಲಿಲ್ಲ. ಅವರು ನಮಸ್ಕಾರ ಎಂದಷ್ಟೇ ಹೇಳಿ ಕೆಳಗಿಳಿದರು. ಎಂಥಾ ವಿನಯ ಎಂದು ನಾವು ಚಪ್ಪಾಳೆ ತಟ್ಟಿದೆವು. ಥೂ, ನಮ್ಮ ಬುದ್ಧಿಗಿಷ್ಟು!

ಈಗ ಏನು ಮಾಡಲಿ? ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟು ಪತ್ರೊಡೆ ತಿಂದು ಬರಲೇ? ನೇರವಾಗಿ ಕೇಳಿಬಿಟ್ಟರೆ, ಇಲ್ಲದ ಯೋಚನೆಯನ್ನು ನಾನೇ ತಲೆಗೆ ಹಾಕಿದಂತಾದರೆ? ಕೇಳದೆ ಬಂದು ಆಮೇಲೆ ಏನಾದರೂ ಆದರೆ ಎಂಬ ಭಯ ಅದಕ್ಕಿಂತ ದೊಡ್ಡದಾಯಿತು.

“ಅವರನ್ನೇ ಕೇಳ್ತೀನಿ ಕಣೇ” ಎಂದೆ. ಶಶಿ ತಲೆಯಾಡಿಸಿ ನನ್ನ ಹಿಂದೆಯೇ ಬಂದಳು.

ಪ್ರವೀಣ್ ಹಿತ್ತಲಿನಲ್ಲಿ ಬೇಲಿಗೆ ಬಣ್ಣ ಬಳಿಯುತ್ತಿದ್ದರು.

“ಪ್ರವೀಣ್, ಬೇಜಾರು ಮಾಡ್ಕೋಬೇಡಿ. ಜೀವ ತೆಗೆದುಕೊಳ್ಳೋ ಯೋಚನೆ ಬರ್ತಿದೆಯಾ?”

ಬ್ರಷ್ ನಿಂತಿತು. ಸಿಡುಕುತ್ತಾರೆ ಎಂದುಕೊಂಡೆ. ಅವರು ತಿರುಗದೆಯೇ ಹೇಳಿದರು: “ಬರ್ತದೆ ಅಕ್ಕ. ಚಾಕು ಡಿಕ್ಕಿಯಲ್ಲಿ ಉಂಟು ಅಂತ ನಂಗೆ ಗೊತ್ತುಂಟು. ಇನ್ನೂ ದೂರ ಇಡು ಅಂತ ಅವಳಿಗೆ ಹೇಳ್ಬೇಕಿತ್ತು. ಹೇಳ್ಲಿಕ್ಕೆ ಆಗ್ಲಿಲ್ಲ.”

ಶಶಿ ಗೋಳೋ ಎಂದು ಅತ್ತಳು. ಎಂಟು ತಿಂಗಳು ಇಬ್ಬರೂ ಒಂದೇ ಸೂರಿನಡಿ, ಒಂದೇ ಭಯವನ್ನು ಒಬ್ಬರಿಂದೊಬ್ಬರು ಬಚ್ಚಿಟ್ಟುಕೊಂಡು ಬದುಕಿದ್ದರು.

ಆಗಲೇ ಮೂವರೂ ಕೂತು ಸಹಾಯವಾಣಿಗೆ ಫೋನ್ ಮಾಡಿದೆವು. ಚಾಕು, ಮಾತ್ರೆ ಎಲ್ಲ ನಮ್ಮ ಮನೆಗೆ ಬಂದವು. ಸೋಮವಾರ ಜಿಪಿ, ಅಂದರೆ ಬಡಾವಣೆಯ ಡಾಕ್ಟರು, ನೋಡಿ, ಸೇನೆ ಬಿಟ್ಟವರಿಗೆಂದೇ ಇರುವ ಚಿಕಿತ್ಸಾ ತಂಡಕ್ಕೆ ಬರೆದುಕೊಟ್ಟರು. (ಹೆಸರು ಬದಲಿಸಿದ್ದೇನೆ. “ಬರೀರಿ, ಇನ್ನೊಬ್ಬನಿಗೆ ಉಪಕಾರ ಆದೀತು” ಎಂದವರು ಪ್ರವೀಣರೇ.)

ಈಗ ದಿನಾ ಬೆಳಿಗ್ಗೆ ಅವರಿಗೆ ಫೋನ್ ಮಾಡುತ್ತೇನೆ. ನಿನ್ನೆ ಆರು ರಿಂಗಾದರೂ ಎತ್ತಲಿಲ್ಲ. ನಾನು ಚಪ್ಪಲಿ ಮೆಟ್ಟಿ ಕಾರಿನ ಕೀ ಹುಡುಕುತ್ತಿದ್ದೆ. ಏಳನೆಯದಕ್ಕೆ, “ಹಲ್ಲುಜ್ಜುತ್ತಿದ್ದೆ ಅಕ್ಕ” ಎಂದರು.

ಆರು ರಿಂಗಿಗೇ ನನ್ನ ಜೀವ ಬಾಯಿಗೆ ಬಂದಿತ್ತು. ಎಂಟು ತಿಂಗಳು ಹೀಗೇ ಬದುಕಿದ ಶಶಿಯನ್ನು ನೀನು ಹೇಗಿದ್ದೀ ಎಂದು ನಾನು ಒಮ್ಮೆಯಾದರೂ ಕೇಳಿದ್ದೆನೇ?