ಬೇರಿಲ್ಲದ ಕಾಡು

ಚಿತ್ತವಾಡ್ಗಿಯ ನಮ್ಮ ಕಿರಾಣಿ ಅಂಗಡಿಯ ಕಟ್ಟೆ ಮೇಲೆ ಕೂತು ಯಾರಾದರೂ ದೆವ್ವ, ಪವಾಡ ಎಂದು ಮಾತು ತೆಗೆದರೆ ನಾನು ನಡುವೆಯೇ ಬಾಯಿ ಹಾಕಿ ಕೆಡಿಸುತ್ತಿದ್ದೆ. ಕಣ್ಣಾರೆ ಕಂಡವರು ಯಾರೂ ಇರುವುದಿಲ್ಲ, ಎಲ್ಲರೂ ಕಂಡವರಿಂದ ಕೇಳಿದವರೇ ಎನ್ನುವುದು ನನ್ನ ವಾದವಾಗಿತ್ತು. ಈಗ ಬರೆಯುತ್ತಿರುವುದು ನಾನೇ ಕಂಡದ್ದು. ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನಂಬದವರ ಮೇಲೆ ಸಿಟ್ಟೂ ಇಲ್ಲ. ನನ್ನ ಸಿಟ್ಟೆಲ್ಲ ಬೇರೆ ಕಡೆ ಇದೆ.

ನನ್ನ ಅಕ್ಕನನ್ನು ಸಂಡೂರಿನ ಹತ್ತಿರ, ಗುಡ್ಡದ ಬುಡದ ಒಂದು ಹಳ್ಳಿಗೆ ಕೊಟ್ಟಿದ್ದೆವು. ಅವಳ ಹೊಲದ ಮೇಲ್ಗಡೆ ಒಂದು ಮೈನ್ಸಿನವರು ಅದಿರು ತೆಗೆದು ಉಳಿದ ಮಣ್ಣು ಸುರಿದು ಸುರಿದು ಇನ್ನೊಂದು ಗುಡ್ಡವನ್ನೇ ಎಬ್ಬಿಸಿದ್ದರು. ಅದಕ್ಕೆ ಎಲ್ಲರೂ ಡಂಪು ಅನ್ನುತ್ತಾರೆ. ಮಳೆ ಬಂದಾಗಲೆಲ್ಲ ಅದರ ಕೆಂಪು ಕೆಸರು ಅಕ್ಕನ ಹೊಲಕ್ಕೂ ಬಾವಿಗೂ ಇಳಿಯುತ್ತಿತ್ತು. ಅವಳು ಆಫೀಸಿನಿಂದ ಆಫೀಸಿಗೆ ಅಲೆದು ಚಪ್ಪಲಿ ಸವೆಸಿದ ಮೇಲೆ, ಕಡೆಗೂ ತನಿಖೆಗೆ ಸಾಹೇಬರು ಬರುತ್ತಾರೆಂದು ಸುದ್ದಿ ಬಂತು. ಡಂಪಿನ ಮೇಲೆ ಗಿಡ ಬೆಳೆಸಿ ಮಣ್ಣನ್ನು ಹಿಡಿದಿಡಬೇಕು, ಇಲ್ಲವಾದರೆ ಸುರಿಯುವುದನ್ನು ನಿಲ್ಲಿಸಬೇಕು ಎನ್ನುವುದು ಸರ್ಕಾರದ ನಿಯಮ. ಅಲ್ಲಿ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ಧೈರ್ಯಕ್ಕೆ ಜೊತೆಗಿರು ಎಂದು ಅಕ್ಕ ನನ್ನನ್ನು ಕರೆಸಿಕೊಂಡಳು.

ನಾನು ಸಂಜೆ ಬಸ್ಸಿಳಿದಾಗ ಡಂಪಿನ ಮೇಲೆ ಆಳುಗಳು ಗಿಡ ನೆಡುತ್ತಿದ್ದರು. ನೆಡುವುದೆಂದರೆ ಬೇವಿನ, ಹೊಂಗೆಯ ಟೊಂಗೆಗಳನ್ನು ಕೊಡಲಿಯಿಂದ ಓರೆಯಾಗಿ ಕಡಿದು, ಟ್ರ್ಯಾಕ್ಟರಿನಲ್ಲಿ ತಂದು ಮಣ್ಣಿಗೆ ಚುಚ್ಚುವುದು. ತನಿಖೆಯ ಹಿಂದಿನ ದಿನ ಹೀಗೆ ಮಾಡುವುದು ಮೈನ್ಸಿನವರ ರೂಢಿ. ಕೆಳಗಿನ ರಸ್ತೆಯಿಂದ ನೋಡಿದರೆ ಹಸಿರು ಕಾಣಬೇಕು, ಅಷ್ಟೇ. ಆ ಆಳುಗಳಲ್ಲಿ ನಮ್ಮ ಮಾವನೂ ಇದ್ದ, ಅಂದರೆ ಅಕ್ಕನ ಗಂಡ.

"ನಾ ಹೋಗ್ಲಿಲ್ಲಂದ್ರ ಇನ್ನೊಬ್ಬ ಹೊಕ್ಕಾನ," ಎಂದ ಊಟಕ್ಕೆ ಕೂತಾಗ, ನನ್ನ ಮುಖ ನೋಡದೆ.

ಅಕ್ಕ ಜಗಳ ತೆಗೆಯಲಿಲ್ಲ. "ಚುಚ್ಲಿ ಬಿಡು ತಮ್ಮ. ನಾಳಿ ಬಿಸ್ಲಿಗೆ ಎಲ್ಲಾ ಬಾಡಿ ಜೋತು ಬೀಳ್ತಾವ. ಸಾಹೇಬ್ರ ಮುಂದ ಒಂದು ಕಿತ್ತು ಅವ್ರ ಕೈಯಾಗ ಕೊಡ್ತೀನಿ," ಎಂದಳು. ಭಾಳ ದಿನದ ಮೇಲೆ ಅವಳು ನಗುವುದನ್ನು ಕಂಡೆ.

ಬೆಳಿಗ್ಗೆ ಮಾವನೇ ನನ್ನನ್ನು ಎಬ್ಬಿಸಿದ. ಕೈ ಹಿಡಿದು ಬಾಗಿಲಿಗೆ ಎಳೆದುಕೊಂಡು ಹೋದ. ಹೊರಗೆ ಬಂದು ನೋಡಿದರೆ ಡಂಪಿನ ಕೆಂಪು ಎಲ್ಲೂ ಇಲ್ಲ, ಬುಡದಿಂದ ನೆತ್ತಿಯವರೆಗೆ ದಟ್ಟ ಕಾಡು. ಮೂವರೂ ಒಳಗೆ ಹೋದೆವು. ತಬ್ಬಿದರೆ ಕೈ ಕೂಡದಷ್ಟು ದಪ್ಪ ಮರಗಳು. ಆದರೆ ಒಂದು ಹಕ್ಕಿಯಿಲ್ಲ, ಒಂದು ಇರುವೆಯಿಲ್ಲ, ನೆಲದ ಮೇಲೆ ಒಣಗಿದ ಎಲೆ ಒಂದೂ ಇಲ್ಲ. ಬೇವಿನ ಎಲೆ ಕಿತ್ತು ಅಗಿದೆ. ಕಹಿ ಇರಲಿಲ್ಲ, ಯಾವ ರುಚಿಯೂ ಇರಲಿಲ್ಲ. ಅಕ್ಕ ಅದರಲ್ಲೇ ಸಣ್ಣದೊಂದು ಮರವನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಳು, ಅದು ಅಲುಗಲಿಲ್ಲ. ಅವಳು ಎಳೆಯುವುದನ್ನು ಬಿಡಲೂ ಇಲ್ಲ. ನಾನೇ ಅವಳ ಕೈ ಬಿಡಿಸಬೇಕಾಯಿತು.

ಮೈನ್ಸಿನ ಮ್ಯಾನೇಜರನೂ ಮೊದಲು ಬೆಪ್ಪಾಗಿ ನಿಂತಿದ್ದ. ಸಾಹೇಬರ ಜೀಪು ಬಂದದ್ದೇ ಸಾವರಿಸಿಕೊಂಡು, ಇದನ್ನೆಲ್ಲ ಬೆಳೆಸಲು ತಾವು ಪಟ್ಟ ಪಾಡನ್ನು ವಿವರಿಸತೊಡಗಿದ. ಸಾಹೇಬರು ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಎಳನೀರು ಕುಡಿದರು.

"ನಿನ್ನಿ ಇಲ್ಲಿ ಏನೂ ಇರ್ಲಿಲ್ರಿ ಸರ. ಇವು ಬರೇ ಟೊಂಗಿ. ನಮ್ಮ ಮನ್ಯಾಗಿನವ್ರಾ ಚುಚ್ಯಾರ, ಕೇಳ್ರಿ," ಎಂದಳು ಅಕ್ಕ.

"ಒಂದು ರಾತ್ರ್ಯಾಗ ಕಾಡು ಬೆಳೀತೈತೇನಮ್ಮ?" ಎಂದರು ಸಾಹೇಬರು. ಅವರ ಜೊತೆ ಬಂದಿದ್ದವರೆಲ್ಲ ನಕ್ಕರು. ಮಾವ ತಲೆ ತಗ್ಗಿಸಿಕೊಂಡು ನಿಂತಿದ್ದ. ಸಾಹೇಬರ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. ನನ್ನ ಸಿಟ್ಟು ಅದಕ್ಕೇ. ಅಕ್ಕನ ಅರ್ಜಿ ಅಲ್ಲಿಗೇ ಮುಗಿಯಿತು, ಲಾರಿಗಳು ಮಣ್ಣು ಸುರಿಯುತ್ತಲೇ ಹೋದವು.

ಮುಂಗಾರು ಬಂತು. ಆ ಕಾಡು ಒಂದು ಹಿಡಿ ಮಣ್ಣನ್ನೂ ಹಿಡಿಯಲಿಲ್ಲ. ಡಂಪು ಜಾರಿ ಹೊಲ, ಬಾವಿ ಎರಡೂ ಮುಚ್ಚಿಹೋದವು. ಸುದ್ದಿ ತಿಳಿದು ನಾನು ಹೋದಾಗ ಮರಗಳು ಕೆಸರಿನಲ್ಲಿ ಅಡ್ಡಾದಿಡ್ಡಿ ಬಿದ್ದಿದ್ದವು. ಒಂದಕ್ಕೂ ಬೇರಿರಲಿಲ್ಲ. ಅಷ್ಟು ದಪ್ಪ ಮರದ ಬುಡದಲ್ಲಿ ಕೊಡಲಿಯ ಓರೆ ಏಟು ಈಗಷ್ಟೇ ಕಡಿದ ಹಾಗೆ ಹಸಿಯಾಗಿತ್ತು.

ಓದಿದವರನ್ನು ಕೇಳಿದ್ದೇನೆ. ಟೊಂಗೆ ಚಿಗುರುವುದುಂಟು ಎಂದು ಶುರು ಮಾಡುತ್ತಾರೆ, ಪೂರ್ತಿ ಹೇಳಿದರೆ ನನ್ನನ್ನೇ ವಿಚಿತ್ರವಾಗಿ ನೋಡುತ್ತಾರೆ. ಅಂಗಡಿ ಕಟ್ಟೆಯವರು ದೇವರ ಪವಾಡ ಎಂದು ಕೈ ಮುಗಿದರು. ಪವಾಡವೇ ಇರಲಿ, ಅದು ಯಾರ ಪರವಾಗಿ ನಡೆಯಿತು ಎಂದು ಕೇಳಿದೆ. ಅವರು ಬೀಡಿ ಹಚ್ಚಿಕೊಂಡರು.

ಅಕ್ಕ, ಮಾವ ಈಗ ಗಾದಿಗನೂರಿನಲ್ಲಿ ಬಾಡಿಗೆ ಮನೆ ಹಿಡಿದಿದ್ದಾರೆ, ಇನ್ನೊಬ್ಬರ ಹೊಲದಲ್ಲಿ ದುಡಿಯುತ್ತಾರೆ. ಈಚೆಗೆ ಹೋದಾಗ ಅಕ್ಕ ಅಕ್ಕಿ ಆರಿಸುತ್ತಾ ಕೂತಿದ್ದಳು. ಎಂದೂ ಎತ್ತದ ಮಾತನ್ನು ತಾನಾಗಿಯೇ ಎತ್ತಿದಳು.

"ಮಂದಿ ಸುಳ್ಳು ಹೇಳ್ತಾರ, ಅದು ಗೊತ್ತಿತ್ತು ನಂಗ. ಗಿಡ ಯಾಕ ಸುಳ್ಳು ಹೇಳಿದ್ವು ತಮ್ಮ?"

ಅವಳ ಮೊರದಲ್ಲಿದ್ದ ಕಲ್ಲುಗಳನ್ನು ನಾನೂ ಆರಿಸತೊಡಗಿದೆ.