ಲಾಳಿಗೆ ಒಂದು ವೋಟು

ಹೋದ ವಾರ ಅರೋರಾದಿಂದ ಶಿಕಾಗೋಗೆ ಟ್ರೇನಿನಲ್ಲಿ ಹೋಗುತ್ತಿದ್ದೆ. ಪಕ್ಕದಲ್ಲಿ ಯಾರೋ ಬಂದು ಕೂತರು, ನೀಲಗಿರಿ ಎಣ್ಣೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ತಿರುಗಿ ನೋಡಿದರೆ ಅಮೆರಿಕನ್ ಮುದುಕರೊಬ್ಬರು ಮೊಣಕಾಲು ನೀವಿಕೊಳ್ಳುತ್ತಿದ್ದರು. ನನಗೆ ಮಾತ್ರ ಡೆಟ್ರಾಯಿಟ್ ಹತ್ತಿರದ ಟ್ರಾಯ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಡಾಕ್ಟರ್ ಅಂಕಲ್ಲೇ ಬಂದು ಕೂತ ಹಾಗಾಯಿತು. ಅವರು ತೀರಿಕೊಂಡು ಎರಡು ವರ್ಷವಾಯಿತು...

ಟ್ರಾಯ್‌ನಲ್ಲಿ ನಮಗೆಲ್ಲ ಫುಟ್‌ಬಾಲ್ ಹುಚ್ಚು ಹಿಡಿದದ್ದೇ ಒಂದು ತಮಾಷೆ. ಡೆಟ್ರಾಯಿಟ್ ಕಡೆಯ ಸಾಹುಕಾರನೊಬ್ಬ ಇಂಗ್ಲೆಂಡಿನ ಯಾವುದೋ ಪುಟ್ಟ ಊರಿನ ಕ್ಲಬ್ಬನ್ನು ಕೊಂಡುಕೊಂಡ. ಟೀವಿಯಲ್ಲಿ ಅದರ ಮೇಲೆ ಒಂದು ಸರಣಿ ಬಂತು. ಅಷ್ಟೇ ನೋಡಿ, ಕ್ರಿಕೆಟ್ ಬಿಟ್ಟು ಬೇರೆ ಆಟದ ಹೆಸರೆತ್ತದ ನಮ್ಮವರೆಲ್ಲ ರಾತ್ರೋರಾತ್ರಿ ‘ನಮ್ಮ ಟೀಮು’ ಅನ್ನತೊಡಗಿದರು. ಆಫ್‌ಸೈಡ್ ಅಂದರೆ ಏನು ಅಂತ ನನಗೆ ಇವತ್ತಿಗೂ ನೆಟ್ಟಗೆ ಗೊತ್ತಿಲ್ಲ, ಕೂಗಾಡುವುದರಲ್ಲಿ ಮಾತ್ರ ನಾನೇ ಮುಂದು. ಶನಿವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಬೇಸ್‌ಮೆಂಟಿನಲ್ಲಿ ಮ್ಯಾಚು, ಉಪ್ಪಿಟ್ಟು, ಕಾಫಿ. ಇಪ್ಪತ್ತೆರಡು ಜನರನ್ನು ಕ್ಲಬ್ಬಿನ ಮೆಂಬರ್ ಮಾಡಿಸಿದ್ದೂ ನಾನೇ, ಎಲ್ಲಾ ನನ್ನ ಈಮೇಲಿನಲ್ಲೇ. ಪಾಟ್‌ಲಕ್ಕಿನಿಂದ ಹಿಡಿದು ಯುಗಾದಿ ಟಿಕೆಟ್ಟಿನವರೆಗೆ ನಮ್ಮಲ್ಲಿ ಎಲ್ಲಾ ಹೀಗೇ, ಯಾರಾದರೂ ಒಬ್ಬಳು ಮೈಮೇಲೆ ಹಾಕಿಕೊಂಡು ಮಾಡುತ್ತಾಳೆ. ಆ ಒಬ್ಬಳು ಯಾವಾಗಲೂ ನಾನೇ ಆಗಿರುತ್ತಿದ್ದೆ.

ಅಂಕಲ್ ಮೊಣಕಾಲಿಗೆ ನೀಲಗಿರಿ ಎಣ್ಣೆ ಹಚ್ಚಿಕೊಂಡು ಬಂದು ಹಿಂದಿನ ಕುರ್ಚಿಯಲ್ಲಿ ಕೂರುತ್ತಿದ್ದರು. ಕೂಗು ಇಲ್ಲ, ಚಪ್ಪಾಳೆ ಇಲ್ಲ. ಪಾಪ, ವಯಸ್ಸಾದವರು, ಉಪ್ಪಿಟ್ಟಿಗೆ ಬರುತ್ತಾರೆ ಅಂದುಕೊಂಡಿದ್ದೆ. ನನ್ನ ಬುದ್ಧಿಗಿಷ್ಟು! ಆಮೇಲೊಂದು ದಿನ ಗೊತ್ತಾಯಿತು, ಅಮೆರಿಕಕ್ಕೆ ಬರುವ ಮುಂಚೆ ಅವರು ಆ ಕ್ಲಬ್ಬಿನ ಊರಿನ ಆಸ್ಪತ್ರೆಯಲ್ಲೇ ನಾಲ್ಕು ವರ್ಷ ಕೆಲಸ ಮಾಡಿದ್ದರಂತೆ. ಊಟಕ್ಕೆ ಕೂತರೆ ಪಕ್ಕಕ್ಕೆ ಯಾರೂ ಬರುತ್ತಿರಲಿಲ್ಲವಂತೆ. ಒಂದು ಶನಿವಾರ ಸುಮ್ಮನೆ ಜನರ ಹಿಂದೆ ನಡೆದುಕೊಂಡು ಹೋದರೆ ಮೈದಾನದ ಗೇಟಿನ ಮೇಲೆ ಕ್ಲಬ್ಬಿನ ಲಾಂಛನ: ನೇಯ್ಗೆಯ ಒಂದು ಲಾಳಿ. ಬಟ್ಟೆ ಗಿರಣಿಗಳ ಊರು ಅದು. ಅಂಕಲ್ ಇಳಕಲ್ಲಿನವರು, ಅವರ ತಂದೆ ಮಗ್ಗದಲ್ಲಿ ಸೀರೆ ನೇಯುತ್ತಿದ್ದವರು.

“ನಮ್ಮಪ್ಪನ ಕೈಯಾಗಿನ ಲಾಳಿನ ಕಂಡಂಗಾತು ತಂಗಿ. ಒಳಗ ಹೋಗಿ ನಿಂತಬಿಟ್ಟೆ” ಅಂದರು.

ಡ್ಯೂಟಿ ಇಲ್ಲದ ಒಂದು ಶನಿವಾರವನ್ನೂ ಆಮೇಲೆ ತಪ್ಪಿಸಲಿಲ್ಲವಂತೆ. ಅಲ್ಲೇ ಯಾರೋ ಮೊದಲ ಸಲ ಹೆಸರು ಕೇಳಿದರಂತೆ, ಚಹಾ ಕೊಟ್ಟರಂತೆ... ಇನ್ನೂ ಏನೇನೋ ಹೇಳಿದರು. ನಾನು ಅರ್ಧ ಕೇಳಿ ಕಾಫಿ ತರಲು ಎದ್ದೆ.

ಮುಂದಿನ ಚಳಿಗಾಲ ಸಾಹುಕಾರನಿಗೆ ಲಾಂಛನ ಬದಲಾಯಿಸಬೇಕು ಅನ್ನಿಸಿತು. ಲಾಳಿ ಅಂದರೆ ಇಲ್ಲಿ ಯಾರಿಗೆ ಗೊತ್ತು, ಘರ್ಜಿಸುವ ಸಿಂಹ ಇರಲಿ ಅಂತ. ಎಲ್ಲಾ ದೇಶದ ಮೆಂಬರುಗಳೂ ವೋಟು ಹಾಕಬೇಕಿತ್ತು. ನಮ್ಮ ಇಪ್ಪತ್ತೆರಡು ವೋಟುಗಳೂ ನನ್ನ ಈಮೇಲಿಗೇ ಬಂದವು. ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದೆ. ಮಕ್ಕಳು “ಲಯನ್, ಲಯನ್” ಅಂದವು, ನಾಲ್ಕೈದು ಜನ ಹೆಬ್ಬೆರಳು ಎತ್ತಿದರು. ಅಂಕಲ್ ವಾಟ್ಸಾಪಿನಲ್ಲಿ ಇರಲಿಲ್ಲ. ಪಕ್ಕದ ಮನೆ ಬಾಗಿಲು ತಟ್ಟಿ ಕೇಳಲು ಎರಡು ನಿಮಿಷ ಸಾಕಿತ್ತು. ಆಫೀಸಿನಲ್ಲಿ ಊಟದ ಹೊತ್ತಿಗೆ ಟಕಟಕ ಅಂತ ಎಲ್ಲವನ್ನೂ ಸಿಂಹಕ್ಕೆ ಒತ್ತಿಬಿಟ್ಟೆ, ಅವರದ್ದೂ ಸೇರಿಸಿ.

ಮಾರನೇ ದಿನ ಡ್ರೈವ್‌ವೇಯಲ್ಲಿ ಹಿಮ ಎತ್ತಿಹಾಕುತ್ತಿದ್ದೆ. ಅಂಕಲ್ ಕಾಲೆಳೆದುಕೊಂಡು ಬಂದರು. ಆ ಹಿಮದಲ್ಲಿ, ಆ ಮೊಣಕಾಲಿಟ್ಟುಕೊಂಡು.

“ನಂದೊಂದು ವೋಟ್ ಲಾಳಿಗೆ ಹಾಕಬೇಕಲ್ಲ ತಂಗಿ, ಹೆಂಗ ಹಾಕೂದು?”

“ಆಗಲೇ ಹಾಕಿದೀನಿ ಅಂಕಲ್. ಎಲ್ಲರದೂ ಲಾಳಿಗೇ” ಅಂದೆ.

ಸುಳ್ಳು ಎಷ್ಟು ಸಲೀಸಾಗಿ ಬಾಯಿಗೆ ಬಂತು ಅಂದರೆ ನನಗೇ ಹೆದರಿಕೆಯಾಯಿತು. ಅವರು ನನ್ನ ಟೋಪಿಯ ಮೇಲೆ ಕೈಯಿಟ್ಟು ಹೊರಟುಹೋದರು.

ಸಿಂಹ ಗೆದ್ದಿತು, ಅದೂ ಭಾರೀ ಅಂತರದಿಂದ. ನಮ್ಮ ಇಪ್ಪತ್ತೆರಡು ವೋಟಿನಿಂದ ಏನೂ ಆಗುತ್ತಿರಲಿಲ್ಲ ಅಂತ ಎಷ್ಟು ಸಲ ಸಮಾಧಾನ ಹೇಳಿಕೊಂಡೆನೋ. ಅವರು ಬಂದು ನನಗೇ ಸಮಾಧಾನ ಹೇಳಿದರು, ನೀ ಮಾಡೋದು ಮಾಡಿದಿ, ಬ್ಯಾಸರ ಮಾಡ್ಕೋಬ್ಯಾಡ ಅಂತ. ಇಳಕಲ್ಲಿನಲ್ಲಿದ್ದ ತಮ್ಮನಿಗೆ ಫೋನ್ ಮಾಡಿ, ನಮ್ಮ ಮಂದಿ ಎಲ್ಲಾ ಲಾಳಿ ಕಡೆ ನಿಂತರು ಅಂತ ಹೇಳಿಕೊಂಡಿದ್ದರಂತೆ. ಅದನ್ನು ಕೇಳಿದ ಮೇಲಂತೂ ನಿಜ ಹೇಳುವುದು ಇನ್ನೂ ಕಷ್ಟವಾಯಿತು. ಈ ಶನಿವಾರ ಹೇಳೋಣ, ಮುಂದಿನ ಶನಿವಾರ ಹೇಳೋಣ... ಅಷ್ಟರಲ್ಲಿ ನನ್ನ ಗಂಡನಿಗೆ ಈ ಕಡೆ ಕೆಲಸ ಸಿಕ್ಕಿ ನಾವು ಶಿಕಾಗೋ ಪಕ್ಕದ ವೆಸ್ಟ್‌ಮಂಟಿಗೆ ಬಂದೆವು. ಮನೆ ಸಾಮಾನು ಪೂರ್ತಿ ಬಿಚ್ಚುವ ಮುಂಚೆಯೇ ಆಂಟಿಯ ಫೋನ್ ಬಂತು, ಅಂಕಲ್ ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು.

ಮೊನ್ನೆ ಧೈರ್ಯ ಮಾಡಿ ಆಂಟಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ಹೇಳುತ್ತಾ ಅತ್ತುಬಿಟ್ಟೆ. ‘ಹೋಗಲಿ ಬಿಡು’ ಅನ್ನುತ್ತಾರೆ ಅಂತ ಒಳಗೊಳಗೇ ಆಸೆ ಇತ್ತು, ಈಗ್ಯಾಕೆ ಮುಚ್ಚಿಡಲಿ. ಆಂಟಿ ಹಾಗನ್ನಲಿಲ್ಲ.

“ಈಗ ನನಗ ಹೇಳಿದ್ರ ಏನ್ ಬಂತು ಯವ್ವಾ? ಅವರಿಗೆ ಹೇಳಬೇಕಾಗಿತ್ತು. ಒಂದ್ ದಿನ ಸಿಟ್ಟ ಮಾಡತಿದ್ರು, ಆಮ್ಯಾಲೆ ನಕ್ಕ ಬಿಡತಿದ್ರು.”

ನಕ್ಕುಬಿಡುತ್ತಿದ್ದರು, ನನಗೂ ಗೊತ್ತು. ಆ ಸುಳ್ಳು ಹೇಳಿದ ಮೇಲೂ ಒಂದೂವರೆ ವರ್ಷ ಪಕ್ಕದ ಮನೆಯಲ್ಲೇ ಇದ್ದರು, ನಾನು ಹೇಳಲಿಲ್ಲ.